ಮೈಕಿಲ್ಲದೆ ಒಂದು ಮಾತು

ಬಿಡದಿ ಬಸ್‌ ನಿಲ್ದಾಣದಲ್ಲಿ ಅನಂತರಾಜು ಮೇಷ್ಟರು ಓದುತ್ತಿದ್ದ ಸಂಪಾದಕೀಯಕ್ಕಿಂತ ಪಕ್ಕದ ಬೆಂಚಿನ ಮಾತೇ ಸ್ಪಷ್ಟವಾಗಿತ್ತು; ಅವರು ಪತ್ರಿಕೆ ಮಡಚಿದರು. ತನ್ನ ಗಂಡ ಕರಿಯಪ್ಪ ಸೋತ ತಾಲ್ಲೂಕು ಪಂಚಾಯ್ತಿ ಚುನಾವಣೆಯಲ್ಲಿ ಆಟೋದಲ್ಲಿ ಮೈಕ್ ಹಿಡಿದು ಪ್ರಚಾರ ಕೂಗಿದ್ದ ಪುಟ್ಟಮಾದುವನ್ನು ಚಿಕ್ಕತಾಯಮ್ಮ ದನಿಯಿಂದಲೇ ಗುರುತು ಹಿಡಿದಿದ್ದಳು.

“ನಮ್ಮೆಜಮಾನ್ರು ಗೋಮಾಳನ ಫ್ಯಾಕ್ಟ್ರಿಗೆ ಮಾರ್ಕಂಡ್ರು ಅಂತ ಕೂಗ್ದೋನು ನೀನೇ ಅಲ್ವೇನಪ್ಪಾ?”

“ಪಾರ್ಟಿಯೋರು ಬರ್ಕೊಟ್ಟಿದ್ದು ಕಣಕ್ಕಾ. ಬೆಳಿಗ್ಗೆ ಒಬ್ರ ಪರ ಫ್ಯಾಕ್ಟ್ರಿ ಬರ್ಲಿ ಅಂತ ಕೂಗ್ದೆ, ಸಂಜೆ ಇನ್ನೊಬ್ರ ಪರ ಬ್ಯಾಡ ಅಂತ ಕೂಗ್ದೆ.”

“ನಿಜ ಅಂತ ನೀನು ನಂಬಿದ್ಯಾ?”

“ಅಯ್ಯೋ, ಕರಿಯಪ್ಪಣ್ಣ ಅಂಥೋರಲ್ಲ. ಊರಿಗೇ ಗೊತ್ತು.”

“ಊರಿಗ್ ಗೊತ್ತು ಅನ್ನೋದು ಅವ್ರಿಗ್ ಗೊತ್ತಿಲ್ವಲ್ಲಪ್ಪಾ. ಆರ್ ತಿಂಗಳಾಯ್ತು, ಹೊಸ್ಲು ದಾಟಿಲ್ಲ. ಊಟ ಬುಟ್ಟು ಗೋಡೆ ಕಡೆ ತಿರುಗಿ ಮಲಗವ್ರೆ. ಸುಳ್ಳು ಅಂತ ಒಂದ್ಸಲ ಬಂದು ಕೂಗು.”

“ಎಲೆಕ್ಷನ್ ಮುಗೀತಲ್ಲಕ್ಕಾ. ಈಗ ಮೈಕಿಗೆ ಪರ್ಮಿಷನ್ ಕೊಡಲ್ಲ.”

“ಮೈಕ್ ಬ್ಯಾಡ. ಅವ್ರ ಕಿವಿಗ್ ಕೇಳಂಗೆ ಹೇಳು, ಸಾಕು.”

“ಪಾರ್ಟಿಯೋರಿಗೆ ಗೊತ್ತಾದ್ರೆ?”

ಬಸ್ಸು ಬಂತು. ಚಿಕ್ಕತಾಯಮ್ಮ ಹತ್ತಿ ಕಿಟಕಿಯ ಬಳಿ ಕುಳಿತು, ಪಕ್ಕದ ಸೀಟಿನ ಮೇಲೆ ಕೈಚೀಲವಿಟ್ಟು ಅವನಿಗೆ ಜಾಗ ಹಿಡಿದಳು.

“ಬಾರಪ್ಪಾ, ಸಂಜೆಗೆ ವಾಪಸ್ ಬಂದ್ಬುಡೀವಂತೆ.”

ಪುಟ್ಟಮಾದು ಬಸ್ಸು ಹತ್ತದೆ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತ. ಯಾರೋ ಸೀಟು ಕೇಳಿದರು. “ಜನ ಬತ್ತಾರೆ” ಎಂದಳು ಚಿಕ್ಕತಾಯಮ್ಮ. ಬಸ್ಸು ಹೊರಟು ತಿರುವು ದಾಟುವವರೆಗೂ ಅವಳ ಕೈ ಆ ಚೀಲದ ಮೇಲೇ ಇತ್ತು.