ಫ್ರಿಜ್ಜಿನೊಳಗಿನ ಮೊಲ

...ಕೆಟ್ಟುಹೋಯಿತು ಅಂದರೆ? ಮೊದಲು ಚಪ್ಪಲಿ ಬಿಟ್ಟು ಬಾ. ಲ್ಯಾಬಿನಿಂದ ನೇರ ಅಡುಗೆಮನೆಗೆ ನುಗ್ಗಬೇಡ ಅಂತ ಮದುವೆಯಾದ ದಿನದಿಂದ ಹೇಳ್ತಿದ್ದೀನಿ. ನನ್ನ ಸೊಸೆ ಅನ್ನಿಸಿಕೊಂಡ ಮೇಲೆ ಅಷ್ಟು ಶಿಸ್ತು ಬೇಡವೇ?

ಹೂಂ, ಈಗ ಹೇಳು. ಪರೀಕ್ಷೆಯ ಫಿಲ್ಮು ಖಾಲಿ ಬಂತು... ಒಂದು ಗೆರೆಯೂ ಮೂಡಲಿಲ್ಲ... ಅಂದರೆ ನಿನ್ನ ಆ ಆಂಟಿಬಾಡಿ ಸತ್ತಿದೆ. ಕಿರುಬೆರಳುದ್ದದ ಶೀಷೆಯಲ್ಲಿ ಒಂದು ಹನಿ ನೀರು! ಅದಕ್ಕೆ ಎಂಥ ಮುಖ ಮಾಡ್ಕೊಂಡಿದ್ದೀಯ, ಮನೆಯಲ್ಲಿ ಯಾರೋ ಹೋದ ಹಾಗೆ.

ಗೊತ್ತು, ಗೊತ್ತು, ಮತ್ತೆ ಪಾಠ ಮಾಡಬೇಡ. ಜೀವಕೋಶದೊಳಗೆ ಡಿಎನ್‌ಎ ತುಂಡಾದರೆ ಒಂದು ಪ್ರೋಟೀನ್ ಎದ್ದು ಕೂತು ರಿಪೇರಿಗೆ ಕರೆಯುತ್ತೆ. ಅದನ್ನು ಹುಡುಕಿ, ಅದಕ್ಕೇ ಅಂಟಿಕೊಂಡು, ಇಲ್ಲಿದೆ ನೋಡಿ ಅಂತ ತೋರಿಸೋದು ನಿನ್ನ ಈ ಆಂಟಿಬಾಡಿ. ಚಾಡಿಕೋರ! ನಮ್ಮ ಕಾನ್ವೆಂಟಿನಲ್ಲೂ ಅಂಥವಳೊಬ್ಬಳಿದ್ದಳು. ಬರೀ ಸಿಸ್ಟರ್ ಹತ್ತಿರ ಹೋಗಿ ಹೇಳೋದೇ ಕೆಲಸ. ಯಾಕೆ ನಗ್ತೀಯ? ಹೇಳಿಸಿಕೊಳ್ಳೋ ಅಂಥದ್ದೇನೂ ನಾನು ಮಾಡಿರಲಿಲ್ಲ.

ಅದೂ ಮೊಲದ ರಕ್ತದಿಂದ ತೆಗೆದದ್ದು. ಲಿಂಗ ಕಟ್ಟಿಕೊಂಡವರ ಮನೆ ಫ್ರಿಜ್ಜಿನಲ್ಲಿ ಮೊಲ! ಆದರೂ ಇಟ್ಟುಕೊಂಡೆ. ಯಾಕೆ? ತಾಂಡ್ಯದ ನಿಮ್ಮ ಲ್ಯಾಬಿನ ಬುದ್ಧಿವಂತರು ಆಯುಧಪೂಜೆ ಅಂತ ಫ್ರೀಜರನ್ನೂ ಆಫ್ ಮಾಡಿ, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಮನೆಗೆ ಹೋಗ್ತಾರಲ್ಲ, ಅದಕ್ಕೆ. ಡಾಕ್ಟರೇಟ್ ಮಾಡಿದವರು! ಯಂತ್ರಕ್ಕೂ ರಜೆ ಬೇಕಂತೆ! ಇಂಥದ್ದು ಕಂಡರೆ ನನಗೆ ಮೈ ಉರಿಯುತ್ತೆ. ಭಕ್ತಿ ಬೇರೆ, ಮೂಢತನ ಬೇರೆ.

ನೀನೋ, ಹಬ್ಬ ಅಂತ ನರಸೀಪುರಕ್ಕೆ ಅಮ್ಮನ ಮನೆಗೆ ಓಡಿದೆ. ಶೀಷೆ ಕಳಿಸಿದ್ದು ಯಾರ ಕೈಯಲ್ಲಿ? ಅಟೆಂಡರ್ ಮಾದಯ್ಯನ ಕೈಯಲ್ಲಿ. ಸೈಕಲ್ಲಿಗೆ ಥರ್ಮಾಸ್ ನೇತುಹಾಕಿಕೊಂಡು ಬಂದ. ‘ಅಮ್ಮಾವ್ರೇ, ಐಸ್ ಪೆಟ್ಗೇಲಿ ಇಡ್ಬೇಕಂತೆ, ಒಂದ್ಸಲಾನೂ ಕರಗ್ಬಾರ್ದಂತೆ, ಶಿವಾನಮ್ಮೋರು ಏಳವ್ರೆ’ ಅಂದ. ಇಟ್ಟೆ. ದಾರಿಯಲ್ಲಿ ಟೀ ಕುಡಿಯೋಕೆ ಅಂತ ಸೈಕಲ್ಲನ್ನು ಬಿಸಿಲಲ್ಲಿ ನಿಲ್ಲಿಸಿರುತ್ತಾನೆ. ಅಲ್ಲೇ ಕೆಟ್ಟಿದೆ. ಇನ್ನೇನು ವಿಚಾರಣೆ?

ಥರ್ಮಾಸಿನಲ್ಲಿ ಐಸಾ? ...ಇತ್ತು. ಹಾಗೇ ಗಟ್ಟಿಯಾಗೇ ಇತ್ತು. ಇದ್ದರೇನು? ಅಂಥವರನ್ನು ನಂಬೋದಾ?

ಸೋಮವಾರ ನಿಮ್ಮ ಮೇಡಂ ಕೇಳಿದರೆ ನೇರವಾಗಿ ಹೇಳು, ಮಾದಯ್ಯ ಅಂತ. ಇಲ್ಲದಿದ್ದರೆ ನಿನ್ನನ್ನೇ ಪ್ರಾಜೆಕ್ಟಿನಿಂದ ತೆಗೆಯುತ್ತಾರೆ. ಅವನ ಕೆಲಸವಾ? ಹೋಗಲಿ! ಅವನ ಊರು ಹೆಡತಲೆಯಲ್ಲಿ ಕೂಲಿಗೇನು ಬರವೇ?

ಹಾಲಾ? ಯಾರು ಹೇಳಿದ್ದು? ಮದನ್ ಹೇಳಿದನಾ? ಹೆತ್ತ ಮಗ ಅನ್ನೋನು... ಹೌದು, ಹಬ್ಬದ ಮಾರನೆ ಬೆಳಗ್ಗೆ ಫ್ರಿಜ್ಜಿನಲ್ಲಿದ್ದ ಹಾಲು ಒಡೆದಿತ್ತು. ಹಾಲಿನ ನಾಗಯ್ಯ ಕ್ಯಾನ್ ತೊಳೆದರೆ ತಾನೆ! ನೆಲದ ಮೇಲೆ ನೀರು ನಿಂತದ್ದೂ ಹೇಳಿದನಾ? ಕೆಲಸದವಳಿಗೆ ನೆಲ ಒರೆಸೋಕೆ ಬರಲ್ಲ. ಯಾರಿಗೂ ಏನೂ ಸರಿಯಾಗಿ ಮಾಡೋಕೆ ಬರಲ್ಲ ಈ ಊರಿನಲ್ಲಿ!

ಕರೆಂಟ್? ಹಾಂ, ಅದೇ! ಕರೆಂಟ್ ಹೋಗಿರಬೇಕು. ಈ ಕೆಇಬಿಯವರು... ಹೋಗಿರಲಿಲ್ಲವಾ? ಮದನ್ ರಾತ್ರಿಯೆಲ್ಲ ಟಿವಿಯಲ್ಲಿ ಮ್ಯಾಚ್ ನೋಡ್ತಿದ್ದನಾ? ...ಓ.

ಅಲ್ಲಿಗ್ಯಾಕೆ ಹೋದೆ? ಫ್ರಿಜ್ಜಿನ ಹೊದಿಕೆ ಮುಟ್ಟಬೇಡ. ಸಿಸ್ಟರ್ ಕಲಿಸಿದ ಕ್ರೋಶಾ ಅದು, ನನ್ನ ಕೈಯಾರೆ ಹೆಣೆದದ್ದು, ಎಳೆದರೆ ನೂಲು ಬಿಡುತ್ತೆ. ಎತ್ತಬೇಡ ಅಂದೆ! ಶಿವಾನಿ!

...

ಏನು ಹಾಗೆ ನೋಡ್ತೀಯ? ವಿಭೂತಿ ಕಣೇ. ಮೂರು ಗೆರೆ. ಒಂದು ಸೇವಂತಿಗೆ. ಮನೆ ಅಂದಮೇಲೆ... ವರ್ಷವೆಲ್ಲ ಬಿಡುವಿಲ್ಲದೆ ದುಡಿಯುತ್ತೆ ಅದು. ಒಂದೇ ಒಂದು ರಾತ್ರಿ ಅದಕ್ಕೂ ಬಿಡುವು ಇರಲಿ ಅಂತ ಸ್ವಿಚ್ ಆರಿಸಿ... ಬಾಗಿಲು ತೆಗೆದೇ ಇರಲಿಲ್ಲ... ಬೆಳಗ್ಗೆ ಮುಟ್ಟಿ ನೋಡಿದಾಗ ಒಳಗೆ ತಣ್ಣಗೇ ಇತ್ತು... ಸ್ವಲ್ಪ ತಣ್ಣಗೆ...

ಬೈಯೋದಿದ್ದರೆ ಬೈ.

ಬಟ್ಟೆ ಯಾಕೆ ತಗೊಂಡೆ? ಒರೆಸಬೇಡ! ಪೂಜೆ ಮಾಡಿದ್ದನ್ನು ಹಾಗೆಲ್ಲ ಒರೆಸಬಾರದು ಕಣೇ, ಒಳ್ಳೆಯದಾಗಲ್ಲ...

ಸೋಮವಾರ... ಮೇಡಂ ಕೇಳಿದರೆ... ಮಾದಯ್ಯ ಅಂತಲೇ ಹೇಳ್ತೀಯ ತಾನೆ?

...ಶಿವಾನಿ?