ಅಪ್ಪನ ಕಡೆ ಓಡಿದ ಕೂಸು

ಹೂಂ ಅನ್ನೋರಿದ್ರ ಹೇಳ್ತೀನಿ, ಇಲ್ಲಾಂದ್ರ ಎದ್ದು ಮನಿಗೆ ಹೋಗ್ತೀನಿ ನೋಡ್ರಿ. ಹೂಂ ಅಂದ್ರಿ? ಹಂಗಾರ ಕೇಳ್ರಿ.

ಯಾವುದೋ ಸೀಮಿ, ಅದರಾಗೊಂದು ಊರು. ಆ ಊರಾಗ ಗಂಡ ಹೆಂಡ್ತಿ ಬ್ಯಾರಿ ಆದ್ರ ಕೂಸು ಯಾರಿಗೆ ಅನ್ನೋದಕ್ಕ ಒಂದು ಕಟ್ಟಳೆ ಇತ್ತು. ಚಾವಡಿ ನಡುವ ಕೂಸನ್ನ ನಿಲ್ಲಿಸೋದು. ಆ ಕಡೆ ಅಪ್ಪ, ಈ ಕಡೆ ಅವ್ವ ನಿಂತು ಕರೀಬೇಕು. ಕೂಸು ಯಾರ ಕಡೆ ಓಡ್ತದೋ ಅವರದು. ಭಾರಿ ಶಾಣ್ಯಾ ಕಟ್ಟಳೆ ಅಂತ ಊರಿಗೆಲ್ಲ ಹೆಮ್ಮಿ!

ಒಂದಿನ ಬಾಳವ್ವ ಮಗಳು ನೀಲಿನ್ನ ಕರ್ಕೊಂಡು ಚಾವಡಿಗೆ ಬಂದ್ಳು. ಗಂಡ ಭರಮಪ್ಪನ ಕೈಯಾಗ ಬಡಿಸಿಕೊಂಡು ಬಡಿಸಿಕೊಂಡು ಆಕಿಗೆ ಸಾಕಾಗಿತ್ತು. ಊರಿಗೆ ಅದು ಗೊತ್ತಿತ್ತೇನು? ಎಲ್ಲಿಂದ ಗೊತ್ತಾಗಬೇಕು! ಹೊರಗ ಅವ ಬೆಣ್ಣಿಯಂಥ ಮನುಷ್ಯಾ. ನ್ಯಾಯ ಹೇಳೋ ಮುದುಕಿ ಗೌಡ್ತಿ ಕಟ್ಟಿ ಮ್ಯಾಲ ಕುಂತಿದ್ಲು.

ಭರಮಪ್ಪ ಕರೆದ, "ಬಾರವ್ವಾ ನನ ಬಂಗಾರ!" ಬಾಳವ್ವ ಕರೆದ್ಳು, "ಬಾರವ್ವಾ ನೀಲಿ!" ಕೂಸು ಅಲುಗಾಡ್ಲಿಲ್ಲ. ಮತ್ತ ಕರೆದ್ರು. ಅಲುಗಾಡ್ಲಿಲ್ಲ. ಇನ್ನೊಮ್ಮೆ ಕರೆದ್ರು ನೋಡ್ರಿ, ಕೂಸು ಓಡೇ ಓಡ್ತು. ಯಾರ ಕಡೆ? ಅಪ್ಪನ ಕಡೆ!

ಹೆತ್ತ ಮಗಳೇ ಕೈ ಬಿಟ್ಲಲ್ಲಾ ಅಂತ ಬಾಳವ್ವ ಅಲ್ಲೇ ಕುಸಿದು ಕುಂತ್ಳು. "ಮುಗೀತಲ್ಲ, ಎದ್ದೇಳ್ರಿ" ಅಂತ ಮಂದಿ ಧೋತರ ಝಾಡಿಸಿದ್ರು.

"ಎಲ್ಲಿಗೆ ಹೊಂಟ್ರಿ?" ಅಂದ್ಳು ಗೌಡ್ತಿ. "ಕೂಸಿನ ಮುಖ ಬಾಡೈತಿ. ಅದು ಉಂಡ ಮ್ಯಾಲ ತೀರ್ಪು."

ಗೌಡ್ತಿ ತಾಯಿ ಮಗಳಿಬ್ಬರನ್ನೂ ತನ್ನ ಅಡಿಗಿ ಮನಿಗೆ ಕರ್ಕೊಂಡು ಹೋದ್ಳು. ರೊಟ್ಟಿ ಇಟ್ಟು, ನೆಲುವಿನ ಮ್ಯಾಗಿನ ಬೆಣ್ಣಿ ಗಡಿಗಿ ಇಳಸಾಕ ಕೈ ಎತ್ತಿದ್ಳು. ಅಷ್ಟ! ನೀಲಿ ಎರಡೂ ಕೈಲೆ ತಲಿ ಮುಚ್ಚಿಕೊಂಡು ಮೂಲ್ಯಾಗ ಮುದುಡಿತು.

ಗೌಡ್ತಿ ಮೆತ್ತಗ ಕುಂತು ಕೇಳಿದ್ಳು, "ಅಪ್ಪ ಅಂದ್ರ ಭಾಳ ಜೀವೇನವ್ವಾ?"

"ನಾ ಅವನ ಕಡೆ ಹೋಗ್ಲಿಲ್ಲಂದ್ರ ಅವ್ವನ್ನ ಬಡೀತಾನ, ಆಯಿ. ನಾ ಅವನ ಕೂಡ ಇದ್ರ ಅವ್ವನ ತಂಟಿಗೆ ಬರೂದಿಲ್ಲ."

ಬಾಳವ್ವ ಬಾಯಿಗೆ ಸೆರಗು ಒತ್ತಿಕೊಂಡ್ಳು. ಮಗಳು ಕೈ ಬಿಟ್ಟಿರಲಿಲ್ಲ, ತಾಯಿನ್ನ ಕಾಯಾಕ ಹೋಗಿದ್ಲು.

ಗೌಡ್ತಿ ಚಾವಡಿಗೆ ಬಂದು, "ಹೆಂಡ್ತಿನ್ನ ಬಡದು ಕೂಸನ್ನ ಹೆದರಸ್ತೀಯೇನೋ?" ಅಂತ ಭರಮಪ್ಪನ ಮ್ಯಾಲ ಗುಡುಗಿದ್ಳು. ಅವ ಸುಮ್ಮನಾದಾನ? "ಹೆಂಡ್ತಿಗೆ ಒಂದೇಟು ಕೊಟ್ಟಿರಬೇಕು, ಕೂಸಿನ ಮೈ ಮುಟ್ಟಿಲ್ಲ" ಅಂದ.

"ನೀ ಮುಟ್ಟದಿದ್ರೂ ನಾ ಕೈ ಎತ್ತಿದ್ರ ಆ ಕೂಸು ಹೆಂಗ ಮುದುಡ್ತು, ನೋಡೀನಿ. ಕೂಸು ಅವ್ವನ ಹಂತ್ಯಾಕ ಇರ್ತೈತಿ, ಮನಿನೂ ಅವರದೇ. ನಿನಗ ನೋಡಬೇಕನಿಸಿದ್ರ ಹಗಲಿನ್ಯಾಗ ಬಾ, ನನ್ನ ಅಂಗಳದಾಗ, ನನ್ನ ಕಣ್ಣ ಮುಂದ ಮಾತಾಡ್ಸಿ ಹೋಗು. ಅವರ ಹೊಸ್ತಿಲಾ ತುಳಿದ್ರ ಊರಾಗ ನಿನಗ ಜಾಗಿಲ್ಲ. ಮಂದೀ, ನೀವೂ ಕೇಳ್ರಿ, ಇನ್ಮುಂದ ಯಾವ ಕೂಸನ್ನೂ ಹಿಂಗ ಓಡಸಬ್ಯಾಡ್ರಿ!"

ಬಾಳವ್ವ ಕಾಲಿಗೆ ಬೀಳಾಕ ಹೋದ್ಳು. "ನಿನ್ನ ಉಪಕಾರ ಹೆಂಗ ತೀರಿಸಲಿ ಆಯಿ?"

ಗೌಡ್ತಿ ರಟ್ಟಿ ಹಿಡಿದು ಎಬ್ಬಿಸಿದ್ಳು. "ನನಗ್ಯಾಕವ್ವಾ? ತಪ್ಪು ತೀರ್ಪು ನನ್ನ ನಾಲಿಗಿ ತುದಿಗೆ ಬಂದಿತ್ತು. ಈ ಕೂಸು ನನ್ನ ಉಳಿಸಿತು." ಅಂದು ಚಾವಡಿ ಎದುರಿಗೇ ನೀಲಿಗೆ ಕೈ ಮುಗಿದ್ಳು.

ಮನಿಗೆ ಬಂದವಳೇ ನೀಲಿ ಹಾಡಹಗಲೇ ಪಡಸಾಲ್ಯಾಗ ಕೈಕಾಲು ಚೆಲ್ಲಿ ಮಲಗಿಬಿಟ್ಲು. ಬಾಗಲ ಸಪ್ಪಳಾದ್ರೂ ಬೆಚ್ಚಲಿಲ್ಲ. ಬಾಳವ್ವ ಪಕ್ಕದಾಗ ಕುಂತು ನೊಣಾ ಹೊಡಕೋತ, ನೆನೆಸಿ ನೆನೆಸಿ ಗೌಡ್ತಿ ಮನಿ ದಿಕ್ಕಿಗೆ ಕೈ ಮುಗೀತಿದ್ಲು.

ಕೂಸು ಮಲಗಿತು, ನನ್ನ ಕತಿನೂ ಮಲಗಿತು. ಮೆತ್ತಗ ಎದ್ದು ಹೋಗ್ರಿ, ಎಬ್ಬಿಸಬ್ಯಾಡ್ರಿ.