ಹದಿನಾಲ್ಕನೇ ತಾರೀಖಿನ ಕ್ಷಮೆಯನ್ನು ರದ್ದುಪಡಿಸುವ ಬಗ್ಗೆ

ಇನ್‌ಟಾ ವೊಂಗ್‌ಖಾಮ್, ವಯಸ್ಸು 71 ವರ್ಷ, ವಿಧುರ, ನಿವೃತ್ತ ರೈಲ್ವೆ ಟಿಕೆಟ್ ಗುಮಾಸ್ತ, ವಾಸ ಮನೆ ನಂಬರ್ 48, ಬಾನ್ ಡಾಕ್‌ಖಾಮ್ ಹಳ್ಳಿ, ಲಂಪಾಂಗ್ ಪ್ರಾಂತ್ಯ, ಆದ ನಾನು ಈ ದಿನ ಬುದ್ಧಶಕ 2569ನೇ ಏಪ್ರಿಲ್ 15, ಬುಧವಾರ ಬೆಳಿಗ್ಗೆ 8-05 ಗಂಟೆಗೆ ಠಾಣೆಗೆ ಸ್ವತಃ ನಡೆದು ಬಂದು, ಯಾರ ಒತ್ತಾಯವೂ ಇಲ್ಲದೆ ಬರೆಸುವುದೇನೆಂದರೆ:

ನನ್ನ ಹೆಂಡತಿ ಬುವಾಖಾವ್ ಮೂರು ವರ್ಷದ ಹಿಂದೆ ಏಪ್ರಿಲ್ 13ರಂದು, ಸೋಂಗ್‌ಕ್ರಾನ್ ನೀರಿನ ಹಬ್ಬದ ಮೊದಲ ದಿನ, ತೀರಿಕೊಂಡಳು. ಆ ಬೆಳಿಗ್ಗೆ 9-40ಕ್ಕೆ ಅವಳ ಒಡಹುಟ್ಟಿದ ತಮ್ಮ ಕೇವ್‌ಮೂನ್, ಈಗ 58 ವರ್ಷ, ಎರಡು ಲೋಟ ಅಕ್ಕಿಯ ಸಾರಾಯಿ ಕುಡಿದವನು, ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರಿನ ಬೌದ್ಧ ವಿಹಾರಕ್ಕೆ ಹೊರಟನು. ಬುದ್ಧನ ಮೂರ್ತಿಗೆ ಎರೆಯುವ ಸೀಗೆಕಾಯಿ ನೀರಿನ ಬಟ್ಟಲು ಅವಳ ತೊಡೆಯ ಮೇಲಿತ್ತು. ಮನೆಯಿಂದ 1,200 ಮೀಟರ್ ದೂರ, ಸೇತುವೆಯ ತಿರುವಿನಲ್ಲಿ ಯಾರೋ ಒಂದು ಬಕೆಟ್ ನೀರು ಎರಚಿದರು. ಬೈಕ್ ಜಾರಿತು. ಅವಳ ತಲೆ ಸೇತುವೆಯ ಕಟ್ಟೆಗೆ ಬಡಿಯಿತು. ಅವನಿಗೆ ಎಡಗೈ ಉಂಗುರ ಬೆರಳಿನ ತುದಿ ಹೋಯಿತು, ಅಷ್ಟೇ. ಅದು ಆಕಸ್ಮಿಕವೆಂದು ಕಡತ ಮುಚ್ಚಿದ್ದಾರೆ. ನಾನು ಮುಚ್ಚಿಲ್ಲ. ಆ ದಿನ ಅವಳು ಮೊದಲು ಕರೆದದ್ದು ನನ್ನನ್ನು. ಬೀದಿಯಲ್ಲಿ ಹೋದರೆ ನನ್ನ ಕಿವಿಗೆ ನೀರು ಬೀಳುತ್ತದೆ, ತಮ್ಮನ ಜೊತೆ ಹೋಗು ಎಂದೆ. ಇದು ಈ ದೂರಿಗೆ ಸಂಬಂಧಿಸಿದ್ದಲ್ಲ. ಆದರೂ ಬರೆದುಕೊಳ್ಳಿ.

ಹಬ್ಬದ 15ನೇ ತಾರೀಖು ಕಿರಿಯರು ಹಿರಿಯರ ಅಂಗೈಗೆ ನೀರೆರೆದು ವರ್ಷದ ತಪ್ಪನ್ನು ಒಪ್ಪಿಕೊಳ್ಳುವ ದಿನ. ಅಂಗೈಗೆ ನೀರು ಬಿದ್ದ ಮೇಲೆ ಹಿರಿಯನಾದವನು ಕ್ಷಮಿಸಿ ಹರಸಲೇಬೇಕು, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅದಕ್ಕೇ ನಾನು ಗೇಟಿಗೆ ಬೀಗ ಹಾಕುತ್ತೇನೆ. ಕಳೆದ ಎರಡು ವರ್ಷವೂ ಕೇವ್‌ಮೂನ್ ಬಟ್ಟಲು ಹಿಡಿದು ಬಂದು ಗೇಟಿನ ಹೊರಗೆ ನಿಂತನು. ಮೊದಲ ವರ್ಷ ಎರಡು ಗಂಟೆ, ಹೋದ ವರ್ಷ ನಾಲ್ಕು ಗಂಟೆ ಹತ್ತು ನಿಮಿಷ. ನಾನು ಕಿಟಕಿಯಿಂದ ಗಡಿಯಾರ ನೋಡಿಕೊಂಡಿದ್ದೇನೆ.

ಹೀಗಿರುವಾಗ ನಿನ್ನೆ 14ನೇ ತಾರೀಖು ಬೆಳಿಗ್ಗೆ 7-30ಕ್ಕೆ ಪಕ್ಕದ ಮನೆಯ ಸೈಫಿನ್, ಸುಮಾರು 48 ವರ್ಷ, ನನ್ನ ಮನೆಗೆ ಬಂದಳು. ಇವಳು ಹೊರದೇಶದವರನ್ನು ಮನೆಯಲ್ಲಿ ಇಳಿಸಿಕೊಂಡು ಹಬ್ಬ ತೋರಿಸುವ ಕೆಲಸ ಮಾಡುತ್ತಾಳೆ. ತನ್ನ ಅಂಗಳದಲ್ಲಿ ಅತಿಥಿಗಳು ಹಿರಿಯರಿಗೆ ನೀರೆರೆಯುವ ಕಾರ್ಯಕ್ರಮವಿದೆ, ನಾಲ್ಕು ಕುರ್ಚಿ ಹಾಕಿದ್ದೇನೆ, ಮೂರು ಮುದುಕರು ಸಿಕ್ಕಿದ್ದಾರೆ, ನಾಲ್ಕನೆಯವರಿಗೆ ಭೇದಿ ಹತ್ತಿದೆ ಎಂದಳು. “ದೊಡ್ಡಪ್ಪಾ, ನಿಮಗೆ ಇಂಗ್ಲಿಷ್ ಬರತ್ತೆ. ಬಾಕಿ ಮೂವರೂ ಬರೀ ನಗ್ತಾರೆ. ಒಂದು ಗಂಟೆ ಕೂತ್ಕೊಳ್ಳಿ, ಊಟ ನಮ್ಮನೇಲೇ” ಎಂದಳು. ಹಿರಿಯರಿಗೆ ನೀರೆರೆಯುವುದು ನಾಳೆ, ಇವತ್ತಲ್ಲ ಎಂದು ನಾನು ಹೇಳಿದೆ. “ಅವರಿಗೆ ನಾಳೆ ಬೆಳಿಗ್ಗೆ ಬಸ್ಸು. ಪಂಚಾಂಗ ನೋಡ್ಕೊಂಡು ವಿಮಾನ ಹತ್ತುತ್ತಾರಾ?” ಎಂದಳು. ನಾನು ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನು. ಈ ಮಾತಿಗೆ ಮರುಳಾಗಿ ಹೋದೆ. ಅದು ನನ್ನ ತಪ್ಪು.

10-15ಕ್ಕೆ ಕುರ್ಚಿಯಲ್ಲಿ ಕುಳಿತೆ. ಅತಿಥಿಗಳು ಹದಿಮೂರು ಜನ. ಎಲ್ಲರಿಗೂ ಸೈಫಿನ್ ಒಂದೇ ಬಗೆಯ ಹೂವಿನ ಅಂಗಿ ಹಾಕಿಸಿದ್ದಳು. ಹಬ್ಬದ ವಾಡಿಕೆಯಂತೆ ಮುಖಕ್ಕೆಲ್ಲ ಬಿಳಿ ಸೀಮೆಸುಣ್ಣದ ಪುಡಿ ಬಳಿದುಕೊಂಡು ಯಾರು ಗಂಡು ಯಾರು ಹೆಣ್ಣು ತಿಳಿಯದಂತಿದ್ದರು. 10-25ಕ್ಕೆ ಯಾರೋ ಪಿಚಕಾರಿಯಿಂದ ನನ್ನ ಮುಖಕ್ಕೇ ಹೊಡೆದರು. ಕನ್ನಡಕ ತೆಗೆದು ಕೊರಳಿನ ಪ್ಲಾಸ್ಟಿಕ್ ಚೀಲದಲ್ಲಿಟ್ಟೆ. ಕನ್ನಡಕವಿಲ್ಲದಿದ್ದರೆ ಎರಡು ಮೊಳದಾಚೆ ನನಗೆ ಎಲ್ಲವೂ ಬರೀ ಬಣ್ಣ. ಇದನ್ನು ದಯವಿಟ್ಟು ಸ್ಪಷ್ಟವಾಗಿ ಬರೆದುಕೊಳ್ಳಿ.

ಒಬ್ಬೊಬ್ಬರಾಗಿ ಬಂದು ಮಂಡಿಯೂರಿ ನೀರೆರೆದರು. ನಾನು ಪ್ರತಿಯೊಬ್ಬರಿಗೂ, “ಗುಡ್ ಹೆಲ್ತ್, ಲಾಂಗ್ ಲೈಫ್, ಆಲ್ ಫಾಲ್ಟ್ ಐ ಫರ್ಗಿವ್” ಎಂದು ಹೇಳುತ್ತಿದ್ದೆ. ಎಂಟು ಜನ ಆದರು. ಎಂಟೂ ಜನರದು ನಲ್ಲಿ ನೀರಿಗೆ ಅಂಗಡಿಯ ಅತ್ತರು ಹಾಕಿದ್ದು. 10-52ಕ್ಕೆ ಒಂಬತ್ತನೆಯವನು ಬಂದನು. ಅದೇ ಹೂವಿನ ಅಂಗಿ, ತಲೆಗೆ ಹುಲ್ಲಿನ ಟೋಪಿ. ಅವನು ನೀರೆರೆದನು. ನಾನು “ಗುಡ್ ಹೆಲ್ತ್, ಲಾಂಗ್ ಲೈಫ್” ಎಂದೆ. ಆಗ ವಾಸನೆ ಬಂತು. ಕೆಂಡದ ಮೇಲೆ ಹದವಾಗಿ ಸುಟ್ಟ ಸೀಗೆಕಾಯಿ, ಕುಸುಬೆ ಹೂ, ಅದರ ಜೊತೆ ಸುಟ್ಟ ನಿಂಬೆಸಿಪ್ಪೆ. ಈ ಹಳ್ಳಿಯಲ್ಲಿ ನಿಂಬೆಸಿಪ್ಪೆ ಸುಟ್ಟು ಹಾಕುವುದು ಒಂದೇ ಮನೆಯವರು. ಅದು ಬುವಾಖಾವ್‌ಳ ತವರು. ಮದುವೆಯಾದ ವರ್ಷದಿಂದ ನಲವತ್ತೊಂದು ಹಬ್ಬ ಅದೇ ವಾಸನೆಯ ನೀರು ನನ್ನ ಕೈಮೇಲೆ ಬಿದ್ದಿದೆ.

ಕೆಳಗೆ ನೋಡಿದೆ. ಬಟ್ಟಲು ಹಿಡಿದ ಎಡಗೈಯಲ್ಲಿ ಉಂಗುರ ಬೆರಳಿಗೆ ತುದಿಯಿರಲಿಲ್ಲ.

“ಭಾವ, ನಾನೇ. ತಪ್ಪಾಯ್ತು ಭಾವ” ಎಂದನು. ಅತ್ತಿತ್ತ ಯಾರಿಗೂ ಕೇಳಿಸದಷ್ಟು ಸಣ್ಣ ದನಿ.

ನಾನು ಉಳಿದ ಅರ್ಧವನ್ನೂ ಹೇಳಿ ಮುಗಿಸಿದೆ. ಯಾಕೆ ಮುಗಿಸಿದಿರಿ ಎಂದು ಈಗ ಅಧಿಕಾರಿಯವರು ಕೇಳುತ್ತಿದ್ದಾರೆ. ಹರಸುವ ಮಾತನ್ನು ಅರ್ಧಕ್ಕೆ ನುಂಗಿದರೆ ಇಬ್ಬರಿಗೂ ಕೇಡು, ಅದಕ್ಕೆ. ಬೇರೆ ಕಾರಣವಿಲ್ಲ.

ಹತ್ತನೆಯವಳು ಮಾರೈಕೆ ಎಂಬ ಹಾಲೆಂಡಿನ ಶಾಲಾ ಮೇಡಂ, ತುಂಬಾ ಎತ್ತರದ ಹೆಂಗಸು. ತನ್ನ ಸರದಿ ಮುಗಿದ ಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ, ಇದು ತಾನು ಈ ದೇಶದಲ್ಲಿ ಕಂಡ ಅತ್ಯಂತ ಬ್ಯೂಟಿಫುಲ್ ಸಂಗತಿ ಎಂದಳು. ಫೋಟೋದಲ್ಲಿ ಕೇವ್‌ಮೂನನ ಟೋಪಿ ಕೆಳಗೆ ಬಿದ್ದಿದೆ, ನನ್ನ ಕೈ ಅವನ ತಲೆಯ ಮೇಲಿದೆ. ಆ ಫೋಟೋವನ್ನು ಸಾಕ್ಷಿಯಾಗಿ ಹಾಜರುಪಡಿಸುವ ಸಾಧ್ಯತೆ ಇರುವುದರಿಂದ ಮೊದಲೇ ತಿಳಿಸುತ್ತೇನೆ: ಕುರ್ಚಿಯ ಕಾಲು ಕೆಸರಿಗೆ ಇಳಿದಿತ್ತು, ಆಯ ತಪ್ಪಿತ್ತು, ಆಧಾರಕ್ಕೆ ಕೈಯಿಟ್ಟೆ. ಅವಳು, ನೀವು ಅಳುತ್ತಿದ್ದಿರಾ ಎಂದು ಕೇಳಿದಳು. “ಮೇಡಂ, ಟುಡೇ ಎವೆರಿಬಡಿ ಈಸ್ ವೆಟ್” ಎಂದೆ.

11-10ಕ್ಕೆ ಸೈಫಿನ್‌ಳನ್ನು ಅಡುಗೆಮನೆಯ ಹಿಂದೆ ಕರೆದು ವಿಚಾರಿಸಿದೆ. ಕಿಂಚಿತ್ತೂ ನಾಚಿಕೆಯಿಲ್ಲದೆ, “ಅಂಗಿ ಕೊಟ್ಟೋಳೂ ನಾನೇ, ಟೋಪಿ ಇಟ್ಟೋಳೂ ನಾನೇ. ಮೂರು ವರ್ಷದಿಂದ ಆ ಮನುಷ್ಯ ಒಂದು ತೊಟ್ಟು ಕುಡಿದಿಲ್ಲ, ಬೈಕ್ ಮುಟ್ಟಿಲ್ಲ, ಸಂತೆಗೂ ನಡ್ಕೊಂಡೇ ಹೋಗ್ತಾನೆ. ನಿಮ್ಮ ಗೇಟಿನ ಮುಂದೆ ನಿಂತು ನಿಂತು ಬೇರು ಬಿಡೋದೊಂದು ಬಾಕಿ. ಬೈಯೋದಿದ್ರೆ ಬೈರಿ ದೊಡ್ಡಪ್ಪಾ. ಅಯ್ಯೋ, ಇವತ್ತು ಬೈಯೋ ಹಾಗಿಲ್ಲ ಅಲ್ವಾ!” ಎಂದು ನಕ್ಕಳು.

ದೂರು ಒಂದು ದಿನ ತಡವಾದ ಕಾರಣ ಇದೇ. ನಮ್ಮ ಉತ್ತರದ ಕಡೆ 14ನೇ ತಾರೀಖು ಕೊಳೆತ ದಿನ. ಅಂದು ಕೆಟ್ಟ ಮಾತಾಡಿದವನ ಬಾಯಿ ವರ್ಷವಿಡೀ ಕೊಳೆಯುತ್ತದೆ. ಆದ್ದರಿಂದ ನಾನು ಹಲ್ಲು ಕಚ್ಚಿ ಊಟಕ್ಕೆ ಕುಳಿತೆ, ಸಾರು ಚೆನ್ನಾಗಿದೆ ಎಂದೆ, 12-20ಕ್ಕೆ ಮನೆಗೆ ಬಂದೆ. ಬಂದವನು ಕೈ ತೊಳೆಯಲಿಲ್ಲ. ರಾತ್ರಿಯೂ ತೊಳೆದಿಲ್ಲ. ಸಾಕ್ಷ್ಯ ನಾಶವಾಗಬಾರದೆಂದು. ಬೇಕಿದ್ದರೆ ಅಧಿಕಾರಿಯವರು ಮೂಸಿ ನೋಡಬಹುದು.

ಸಬ್ ಇನ್‌ಸ್ಪೆಕ್ಟರ್ ಥನಾಕೋನ್ ಅವರು ಪೆನ್ನು ಕೆಳಗಿಟ್ಟು, “ತಾತ, ಬೈಕ್ ಕದ್ರೆ ಹುಡುಕಿ ಕೊಡ್ತೀನಿ, ಕೋಳಿ ಕದ್ರೂ ಹುಡುಕಿ ಕೊಡ್ತೀನಿ. ಕ್ಷಮೆ ಕದ್ದಿದ್ನ ಯಾವ ಸೆಕ್ಷನ್ನಲ್ಲಿ ಬರ್ಕೊಳ್ಳಲಿ?” ಎಂದು ಕೇಳಿದ್ದಾರೆ. ವೇಷ ಮರೆಸಿ ವಂಚಿಸಿದ್ದು ಎಂದು ಬರೆದುಕೊಳ್ಳಿ ಎಂದಿದ್ದೇನೆ. ನಿನ್ನೆ ಕೊಟ್ಟ ಕ್ಷಮೆ ಊರ್ಜಿತವಲ್ಲ. ದಿನ ತಪ್ಪು. ಕಣ್ಣಿಗೆ ಕನ್ನಡಕವಿರಲಿಲ್ಲ. ಮಿಗಿಲಾಗಿ, ಹೇಳಿದ್ದು ಇಂಗ್ಲಿಷಿನಲ್ಲಿ. ನಾನು ಹೆಂಡತಿಯ ಜೊತೆ ಆ ಭಾಷೆಯಲ್ಲಿ ಒಂದು ದಿನವೂ ಮಾತಾಡಿದವನಲ್ಲ. ಅವಳ ಸಾವಿನ ವಿಷಯ ಆ ಭಾಷೆಯಲ್ಲಿ ತೀರ್ಮಾನವಾಗಲು ಬರುವುದಿಲ್ಲ.

ಈ ಹೇಳಿಕೆ ಬರೆಯುತ್ತಿರುವಾಗ 8-50ಕ್ಕೆ ಪೇದೆಯೊಬ್ಬರು ಒಳಗೆ ಬಂದು, ಕೇವ್‌ಮೂನ್ ಎಂಬವನು 8-20ರಿಂದ ಠಾಣೆಯ ಮೆಟ್ಟಿಲ ಮೇಲೆ ಬಟ್ಟಲು ಹಿಡಿದು ಕುಳಿತಿದ್ದಾನೆ, ಭಾವ ಹೇಳಿದ್ದು ಸರಿ, ಇವತ್ತೇ ಸರಿಯಾದ ದಿನ ಎನ್ನುತ್ತಿದ್ದಾನೆ ಎಂದು ತಿಳಿಸಿದ್ದಾರೆ. ನಾನು ಹಾಗೆ ಹೇಳಿದ್ದು ಸೈಫಿನ್‌ಗೆ, ಅವನಿಗಲ್ಲ; ಅವಳೇ ಅವನಿಗೆ ಹೇಳಿಕೊಟ್ಟಿದ್ದಾಳೆ. ಅವನನ್ನು ಎಬ್ಬಿಸಿ ಕಳಿಸಿರೆಂದು ಕೇಳಿದೆ. ಹಬ್ಬದ ದಿನ ಮೆಟ್ಟಿಲ ಮೇಲೆ ಕುಳಿತದ್ದು ಅಪರಾಧವಲ್ಲ ಎಂದು ಅಧಿಕಾರಿಯವರು ಹೇಳಿದ್ದಾರೆ. ಠಾಣೆಗೆ ಇನ್ನೊಂದು ಬಾಗಿಲಿದೆಯೇ ಎಂದು ಕೇಳಿದೆ. ಇಲ್ಲವೆಂದಿದ್ದಾರೆ.

ನಾನು ಕುಳಿತ ಜಾಗದಿಂದ ಮೆಟ್ಟಿಲು 11 ಮೀಟರ್. ಬಟ್ಟಲು ಬಿಸಿಲಿನಲ್ಲಿದೆ. ಸೀಗೆಕಾಯಿ ನೀರು ಬಿಸಿಲಿಗೆ ಹುಳಿಯುತ್ತದೆ. ಅಕ್ಕ ಅಷ್ಟು ವರ್ಷ ಹೇಳಿಕೊಟ್ಟರೂ ಇವನಿಗೆ ತಲೆಗೆ ಹತ್ತಿಲ್ಲ. ಬಟ್ಟಲನ್ನು ನೆರಳಿಗೆ ಸರಿಸಲು ಅವನಿಗೆ ಹೇಳಿರೆಂದು ಪೇದೆಯವರನ್ನು ಕೇಳಿಕೊಂಡಿದ್ದೇನೆ. ಇದನ್ನು ಕ್ಷಮೆ ಎಂದು ಯಾರೂ ಎಲ್ಲಿಯೂ ದಾಖಲಿಸಕೂಡದು.

ಮೇಲೆ ಬರೆಸಿದ್ದೆಲ್ಲ ನಾನು ಹೇಳಿದಂತೆಯೇ ಇದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ನೋಡಿ ರುಜು ಹಾಕಿದ್ದೇನೆ. ಹೊರಗೆ ಹೋಗುವಾಗಲೂ ಕನ್ನಡಕ ಹಾಕಿಕೊಂಡೇ ಹೋಗುತ್ತೇನೆ.

ಸ್ಥಳ: ಪೊಲೀಸ್ ಠಾಣೆ, ಬಾನ್ ಡಾಕ್‌ಖಾಮ್
ದಿನಾಂಕ: 15 ಏಪ್ರಿಲ್ 2569, ಬೆಳಿಗ್ಗೆ 9-35

(ಸಹಿ) ಇನ್‌ಟಾ ವೊಂಗ್‌ಖಾಮ್